ಆಲೂಗಡ್ಡೆ ಮೇಯರ್

ಟಿಕೆಟ್ ಕೊಟ್ಟವರೇ ಆಮೇಲೆ ತಲೆ ಚಚ್ಚಿಕೊಂಡ ಕಥೆ ಹೇಳ್ತೀನಿ, ಕೇಳಿ. ಊರು ಅಮೆರಿಕದ ಡೆಟ್ರಾಯಿಟ್. ವರ್ಷ 1889. ಆಗಿನ್ನೂ ಅದು ಕಾರುಗಳ ಊರಲ್ಲ, ಫೋರ್ಡ್ ಕಂಪನಿ ಹುಟ್ಟೋಕೆ ಇನ್ನೂ 14 ವರ್ಷ ಬಾಕಿ. ರಿಪಬ್ಲಿಕನ್ ಪಕ್ಷದ ಶ್ರೀಮಂತರಿಗೆ ಒಬ್ಬ ಮೇಯರ್ ಅಭ್ಯರ್ಥಿ ಬೇಕಿತ್ತು. ಸಿಕ್ಕಿದ್ದು ಶೂ ಕಾರ್ಖಾನೆ ಮಾಲೀಕ ಹೇಜನ್ ಪಿಂಗ್ರಿ. ನಮ್ಮಂಥ ವ್ಯಾಪಾರಸ್ಥ, ಹೇಳಿದ ಹಾಗೆ ಕೇಳ್ತಾನೆ ಅನ್ನೋದು ಅವರ ಲೆಕ್ಕ.

ಲೆಕ್ಕ ತಪ್ಪಿತ್ತು. ಈತ 1840ರಲ್ಲಿ ಮೇನ್ ರಾಜ್ಯದಲ್ಲಿ ಹುಟ್ಟಿದವನು. ಶೂ ಕಾರ್ಖಾನೆಯಲ್ಲಿ ಚರ್ಮ ಕತ್ತರಿಸುವ ಕೆಲಸ ಮಾಡಿದವನು. ಅಂತರ್ಯುದ್ಧದಲ್ಲಿ ಸಿಕ್ಕಿಬಿದ್ದು ಆಂಡರ್ಸನ್‌ವಿಲ್ ಸೆರೆ ಶಿಬಿರ ಕಂಡು ಬಂದವನು. ಆ ಶಿಬಿರದಲ್ಲಿ ಸತ್ತ ಸೈನಿಕರು ಸುಮಾರು 13 ಸಾವಿರ. ಅಂಥವನನ್ನು ಕ್ಲಬ್ಬಿನಲ್ಲಿ ಕೂತು ಹೆದರಿಸೋಕಾಗುತ್ತಾ?

ಕುರ್ಚಿಯಲ್ಲಿ ಕೂತವನು ಮೊದಲು ನೋಡಿದ್ದು ರಸ್ತೆ. ಡೆಟ್ರಾಯಿಟ್ ಬೀದಿಗಳಿಗೆ ಹಾಸಿದ್ದು ಸೀಡರ್ ಮರದ ತುಂಡುಗಳು. ಮಳೆಗೆ ಊದಿಕೊಳ್ಳುತ್ತಿದ್ದವು, ಬಿಸಿಲಿಗೆ ಬಿರುಕು ಬಿಡುತ್ತಿದ್ದವು. ಮರದ ರಸ್ತೆ! ಎಂಜಿನಿಯರಿಂಗ್ ಓದಿದ ನನಗೆ ಇದನ್ನು ಓದಿ ನಗು ಬಂತು. ಆಮೇಲೆ ನಮ್ಮೂರ ಗುಂಡಿಗಳು ನೆನಪಾಗಿ ನಗು ನಿಂತುಹೋಯ್ತು.

1891ರಲ್ಲಿ ಟ್ರಾಮ್ ಕಾರ್ಮಿಕರು ಮುಷ್ಕರ ಹೂಡಿದರು. ಸೈನ್ಯ ಕರೆಸಿ ಅಂತ ಒತ್ತಡ ಬಂತು. ಪಿಂಗ್ರಿ ಒಪ್ಪಲಿಲ್ಲ, ಮಾತುಕತೆ ಆಗಲಿ ಅಂದ. ಟ್ರಾಮ್ ದರ ಐದು ಸೆಂಟ್ ಇತ್ತು. ಪೈಪೋಟಿಗೆ ಮತ್ತೊಂದು ಕಂಪನಿಯನ್ನು ತಂದು ಅದರಲ್ಲಿ ಸುಮಾರು ಮೂರು ಸೆಂಟಿಗೆ ಇಳಿಸಿದ. ಆಗ ಅವನ ಎದುರು ನಿಂತ ಟ್ರಾಮ್ ಮಾಲೀಕರಲ್ಲಿ ಟಾಮ್ ಜಾನ್ಸನ್ ಕೂಡ ಒಬ್ಬ. ತಮಾಷೆ ನೋಡಿ, ಇದೇ ಜಾನ್ಸನ್ 1901ರಲ್ಲಿ ಕ್ಲೀವ್‌ಲ್ಯಾಂಡ್ ಮೇಯರ್ ಆಗಿ ಮೂರು ಸೆಂಟ್ ದರಕ್ಕಾಗಿ ತಾನೇ ಹೋರಾಡಿದ!

ಪತ್ರಿಕೆಗಳು ಈತನ ಮಾತು ಹಾಕದಿದ್ದಾಗ ಸಿಟಿ ಹಾಲ್ ಗೋಡೆಗೇ ನೋಟಿಸ್ ಅಂಟಿಸಿ ಜನರಿಗೆ ಓದಿಸಿದ. ನಮ್ಮ ವೃತ್ತಿಯವರು ಇದನ್ನು ಎರಡು ಸಲ ಓದಬೇಕು. 1894ರಲ್ಲಿ ಶಾಲಾ ಮಂಡಳಿಯ ಸಭೆಗೆ ಪೊಲೀಸರ ಜೊತೆಗೇ ಹೋದ. ಲಂಚ ತಿಂದವರು ರಾಜೀನಾಮೆ ಕೊಡಿ ಅಂದ. ಕೊಡದ ನಾಲ್ವರು ಅಲ್ಲಿಂದ ನೇರ ಬಂಧನಕ್ಕೆ.

ಆದರೆ ಹೆಸರು ತಂದಿದ್ದು ಆಲೂಗಡ್ಡೆ. 1893ರಲ್ಲಿ ಅಮೆರಿಕದ ಬ್ಯಾಂಕುಗಳು ಮುಳುಗಿದವು, ಕಾರ್ಖಾನೆಗಳು ಮುಚ್ಚಿದವು. ಪೋಲೆಂಡ್, ಜರ್ಮನಿಯಿಂದ ಬಂದ ಕೂಲಿಗಳ ಮನೆಯಲ್ಲಿ ಒಲೆ ಹತ್ತಲಿಲ್ಲ. ಊರಂಚಿನಲ್ಲಿ ಮಾತ್ರ ಬೆಲೆ ಏರಲಿ ಅಂತ ಬೇಲಿ ಹಾಕಿಟ್ಟ ಖಾಲಿ ಸೈಟುಗಳು! ಪಿಂಗ್ರಿ ಮಾಲೀಕರನ್ನು ಕೇಳಿದ: ಸುಮ್ಮನೆ ಬಿದ್ದಿದೆಯಲ್ಲ, ಒಂದು ಬೆಳೆಗೆ ಕೊಡಿ. ಬೀಜ, ಉಳುಮೆಗೆ ಚರ್ಚುಗಳಲ್ಲಿ ದೇಣಿಗೆ ಕೇಳಿದ, ಸಿಕ್ಕಿದ್ದು ಪುಡಿಗಾಸು. ತನ್ನ ಕುದುರೆಯನ್ನೇ ಹರಾಜಿಗಿಟ್ಟ. ಉಳ್ಳವರು ನಕ್ಕರು. 1894ರ ಬೇಸಿಗೆಯಲ್ಲಿ ಸುಮಾರು 430 ಎಕರೆಯಲ್ಲಿ 945 ಕುಟುಂಬಗಳು ಆಲೂಗಡ್ಡೆ, ಹುರುಳಿಕಾಯಿ, ಟರ್ನಿಪ್ ಬೆಳೆದವು. ಊರು ಹಾಕಿದ ದುಡ್ಡಿನ ಹಲವು ಪಟ್ಟು ಬೆಲೆಯ ಫಸಲು ಬಂತು. ಮರುವರ್ಷ ಇನ್ನಷ್ಟು ಕುಟುಂಬಗಳು ಸೇರಿದವು. ನ್ಯೂಯಾರ್ಕ್, ಬಫಲೋ, ಬೋಸ್ಟನ್ ನಕಲು ಮಾಡಿದವು.

1896ರಲ್ಲಿ ಮಿಷಿಗನ್ ಗವರ್ನರ್ ಆಗಿ ಗೆದ್ದ. ಮೇಯರ್ ಕುರ್ಚಿಯನ್ನೂ ಬಿಡಲಿಲ್ಲ! ಎರಡೂ ಬೇಕು ಅಂದ. ಸುಪ್ರೀಂ ಕೋರ್ಟ್ ಆಗಲ್ಲ ಅಂದಮೇಲೆ ಒಂದನ್ನು ಬಿಟ್ಟ. ಜನಪ್ರಿಯತೆಯ ಅಮಲು ಒಳ್ಳೆಯವರಿಗೂ ಏರುತ್ತೆ, ಮುಚ್ಚಿಡೋದ್ಯಾಕೆ.

ರೈಲ್ವೆ ಕಂಪನಿಗಳ ಮೇಲೆ ಆಸ್ತಿಯ ಬೆಲೆಗೆ ತಕ್ಕ ತೆರಿಗೆ ಹಾಕಲು ಹೊರಟಾಗ ಸ್ವಂತ ಪಕ್ಷದ ಸೆನೆಟರ್‌ಗಳೇ ಅಡ್ಡ ಬಂದರು. 1900ರಲ್ಲಿ ಎಂಜಿನಿಯರಿಂಗ್ ಪ್ರೊಫೆಸರ್ ಮಾರ್ಟಿಮರ್ ಕೂಲಿ ಅವರಿಂದ ರಾಜ್ಯದ ರೈಲ್ವೆ ಆಸ್ತಿಯ ಮೌಲ್ಯ ಕಟ್ಟಿಸಿದ. ಅಧಿಕಾರದ ಕೊನೆಗೆ ಒಂದು ಕಪ್ಪುಚುಕ್ಕೆಯೂ ಬಿತ್ತು. ಸೈನಿಕರ ಸಮವಸ್ತ್ರ ಖರೀದಿ ಹಗರಣದಲ್ಲಿ ಸಿಕ್ಕಿಬಿದ್ದ ತನ್ನವರಿಗೇ ಕ್ಷಮಾದಾನ ಕೊಟ್ಟ. ಶಾಲಾ ಮಂಡಳಿಯ ನಾಲ್ವರು ಅದನ್ನು ಓದಿ ಏನಂದುಕೊಂಡರೋ.

ಆಫ್ರಿಕಾ ಪ್ರವಾಸದಿಂದ ಮರಳುವಾಗ 1901ರ ಜೂನ್‌ನಲ್ಲಿ ಲಂಡನ್‌ನಲ್ಲಿ ತೀರಿಕೊಂಡ. 1904ರಲ್ಲಿ ಡೆಟ್ರಾಯಿಟ್ ಜನ ಚಂದಾ ಎತ್ತಿ ಗ್ರ್ಯಾಂಡ್ ಸರ್ಕಸ್ ಪಾರ್ಕಿನಲ್ಲಿ ಕಂಚಿನ ಪ್ರತಿಮೆ ಇಟ್ಟರು. ಕುರ್ಚಿಯ ಮೇಲೆ ಕೂತ ಪಿಂಗ್ರಿ.