ಬಿದ್ರಿ ಕಲೆ: ಬಾಗದ ಸತು, ಬಳುಕುವ ಬೆಳ್ಳಿ

ಲೋಹವನ್ನು ಬಡಿದು ತಗಡಾಗಿಸಬಹುದಾದ ಗುಣಕ್ಕೆ ಕುಟ್ಯತೆ ಎಂದೂ, ಎಳೆದು ತಂತಿಯಾಗಿಸಬಹುದಾದ ಗುಣಕ್ಕೆ ತನ್ಯತೆ ಎಂದೂ ಹೆಸರು. ಭಾಲ್ಕಿ, ಔರಾದ್ ತಾಲ್ಲೂಕುಗಳ ಮಕ್ಕಳು ವಿಜ್ಞಾನ ಪಾಠದಲ್ಲಿ ಓದುವ ಈ ಪದಗಳಿಗೆ ಜಿಲ್ಲಾ ಕೇಂದ್ರ ಬೀದರ್‌ನ ಬಿದ್ರಿ ಕಲೆಯೇ ಉತ್ತಮ ನಿದರ್ಶನ.

ಚಿನ್ನ ಈ ಗುಣಗಳಲ್ಲಿ ಅಗ್ರಗಣ್ಯ. 1 ಗ್ರಾಂ ಚಿನ್ನದಿಂದ ಸುಮಾರು 2 ಕಿ.ಮೀ. ಉದ್ದದ ತಂತಿ ಎಳೆಯಬಹುದು. ಬೆಳ್ಳಿಯೂ ಅದಕ್ಕೆ ಸಮೀಪದ್ದು. ಸತು ಮಾತ್ರ ಸಾಮಾನ್ಯ ಉಷ್ಣತೆಯಲ್ಲಿ ಪೆಡಸು. 100ರಿಂದ 150 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದಾಗ ಅದು ಬಾಗುತ್ತದೆ. 200 ಡಿಗ್ರಿ ದಾಟಿದರೆ ಮತ್ತೆ ಪೆಡಸಾಗುತ್ತದೆ. ಬೆಳ್ಳಿಯಲ್ಲಿ ಪರಮಾಣುಗಳ ಪದರಗಳು ಹಲವು ದಿಕ್ಕುಗಳಲ್ಲಿ ಸುಲಭವಾಗಿ ಜಾರುತ್ತವೆ. ಸತುವಿನಲ್ಲಿ ಆ ಅವಕಾಶ ಕಡಿಮೆ.

ಬಿದ್ರಿ ಕುಶಲಕರ್ಮಿಗಳು ಈ ಭೇದವನ್ನೇ ಬಳಸಿಕೊಂಡಿದ್ದಾರೆ. ಸುಮಾರು 16 ಪಾಲು ಸತುವಿಗೆ 1 ಪಾಲು ತಾಮ್ರ ಬೆರೆಸಿ, ಬಡಿಯದೆ, ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಉಳಿಯಿಂದ ಕೊರೆದ ಗೆರೆಗಳಲ್ಲಿ ಬೆಳ್ಳಿಯ ತಂತಿ, ತಗಡುಗಳನ್ನು ಕಾಯಿಸದೆಯೇ ಸುತ್ತಿಗೆಯಿಂದ ಕೂರಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಮಣ್ಣು ಮತ್ತು ಅಮೋನಿಯಂ ಕ್ಲೋರೈಡ್ ಬೆರೆಸಿದ ದ್ರಾವಣ ಸತುವಿನ ಮೈಯನ್ನು ಕಪ್ಪಾಗಿಸುತ್ತದೆ. ಬೆಳ್ಳಿ ಮಾತ್ರ ಹೊಳೆಯುತ್ತಲೇ ಇರುತ್ತದೆ.

ಬಿದ್ರಿಗೆ 2006ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಸಂದಿತು. ಕೊಂಡವರು ನೆನಪಿಡಬೇಕಾದುದು ಇಷ್ಟೆ: ಕೈಜಾರಿ ಬಿದ್ದ ಹಿತ್ತಾಳೆ ಚೊಂಬು ನೆಗ್ಗಬಹುದು, ಬಿದ್ರಿ ಹೂಜಿ ಬಿರುಕು ಬಿಡಬಹುದು. ನೆಗ್ಗನ್ನು ಬಡಿದು ಸರಿಪಡಿಸಬಹುದು, ಬಿರುಕನ್ನಲ್ಲ.