ಕನ್ನಡಕದ ನಂಬರ್ ಗೊತ್ತಿದ್ದರೆ ಕಾಂಟ್ಯಾಕ್ಟ್ ಲೆನ್ಸ್ ತರಿಸಿಕೊಳ್ಳಬಹುದೇ? ಲೆನ್ಸ್ ‘ಫಿಟ್ಟಿಂಗ್’ ಎಂದರೇನು?

“ಕನ್ನಡಕದ ಚೀಟಿಯಲ್ಲಿರುವ ನಂಬರ್ ಹಾಕಿ ಆರ್ಡರ್ ಮಾಡಿದರೆ ಸಾಕು, ಕಾಂಟ್ಯಾಕ್ಟ್ ಲೆನ್ಸ್ ಮನೆಗೇ ಬರುತ್ತದೆ. ಡಾಕ್ಟರ ಹತ್ತಿರ ಹೋಗಿ ದುಡ್ಡು ಖರ್ಚು ಮಾಡಬೇಡಿ.” ಇಂಥ ಸಲಹೆ ವಾಟ್ಸಾಪ್ ಗುಂಪುಗಳಲ್ಲೂ ಗೆಳೆಯರ ಮಾತಿನಲ್ಲೂ ಆಗಾಗ ಕೇಳಿಬರುತ್ತದೆ. ಇದರ ಜೊತೆಗೆ ಇನ್ನೊಂದು ಮಾತು: “ಪವರ್ ಇಲ್ಲದ ಬಣ್ಣದ ಲೆನ್ಸ್‌ಗಂತೂ ಪರೀಕ್ಷೆಯೇ ಬೇಡ.” ಇವುಗಳಲ್ಲಿ ಎಷ್ಟು ನಿಜ? ನೋಡೋಣ.

ಚಿಕ್ಕ ಉತ್ತರ: ಎರಡೂ ತಪ್ಪು. ಕನ್ನಡಕದ ನಂಬರ್ ಬೇರೆ, ಲೆನ್ಸ್‌ನ ಅಳತೆ ಬೇರೆ. ಲೆನ್ಸ್ ಹಾಕಿದಾಗ ಹಿತವಾಗಿದೆ ಎಂದ ಮಾತ್ರಕ್ಕೆ ಅದು ಕಣ್ಣಿಗೆ ಸರಿಯಾಗಿ ಕೂತಿದೆ ಎಂದೂ ಹೇಳುವಂತಿಲ್ಲ.

ಕನ್ನಡಕಕ್ಕೂ ಲೆನ್ಸ್‌ಗೂ ಏನು ವ್ಯತ್ಯಾಸ?

ಕನ್ನಡಕ ಮೂಗಿನ ಮೇಲೆ ಕೂರುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ಕೂರುವುದು ಕಣ್ಣಿನ ಮುಂಭಾಗದ ಪಾರದರ್ಶಕ ಪದರದ ಮೇಲೆ. ಇದಕ್ಕೆ ಕಾರ್ನಿಯಾ ಎನ್ನುತ್ತಾರೆ. ಇದರ ದಪ್ಪ ಮಧ್ಯಭಾಗದಲ್ಲಿ ಹೆಚ್ಚುಕಡಿಮೆ ಅರ್ಧ ಮಿಲಿಮೀಟರ್ ಮಾತ್ರ. ಬೆಳಕು ಅಡ್ಡಿಯಿಲ್ಲದೆ ಒಳಗೆ ಹೋಗಬೇಕಾದ್ದರಿಂದ ಆರೋಗ್ಯವಂತ ಕಾರ್ನಿಯಾದಲ್ಲಿ ರಕ್ತನಾಳಗಳೇ ಇಲ್ಲ. ತನಗೆ ಬೇಕಾದ ಆಮ್ಲಜನಕದ ಬಹುಪಾಲನ್ನು ಅದು ಕಣ್ಣೀರಿನ ಮೂಲಕ ನೇರವಾಗಿ ಗಾಳಿಯಿಂದಲೇ ಪಡೆಯುತ್ತದೆ.

ಇಂಥ ಜೀವಂತ ಪದರದ ಮೇಲೆ ನಾವು ಒಂದು ಮುಚ್ಚಳ ಇಡುತ್ತಿದ್ದೇವೆ. ಆ ಮುಚ್ಚಳದ ಮೂಲಕ ಆಮ್ಲಜನಕ ಹೋಗಬೇಕು, ಅದರ ಅಡಿಯಲ್ಲಿ ಕಣ್ಣೀರು ಓಡಾಡಬೇಕು. ಇವೆರಡೂ ಸರಿಯಾಗಿ ಆಗುವಂಥ ಲೆನ್ಸ್ ಆರಿಸುವ ಕೆಲಸವೇ ಫಿಟ್ಟಿಂಗ್.

ನಂಬರ್ ಯಾಕೆ ಬದಲಾಗುತ್ತದೆ?

ಕನ್ನಡಕದ ಗಾಜು ಕಣ್ಣಿನಿಂದ ಸುಮಾರು 12ರಿಂದ 14 ಮಿಲಿಮೀಟರ್ ದೂರದಲ್ಲಿರುತ್ತದೆ. ಲೆನ್ಸ್ ಕಣ್ಣಿಗೇ ಅಂಟಿಕೊಂಡಿರುತ್ತದೆ. ಈ ದೂರ ಕಡಿಮೆಯಾದಾಗ ಮೈನಸ್ ಪವರ್‌ನ ಪರಿಣಾಮ ಹೆಚ್ಚುತ್ತದೆ, ಪ್ಲಸ್ ಪವರ್‌ನ ಪರಿಣಾಮ ತಗ್ಗುತ್ತದೆ. ಚಿಕ್ಕ ನಂಬರ್‌ಗಳಲ್ಲಿ ಈ ವ್ಯತ್ಯಾಸ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಸಾಮಾನ್ಯವಾಗಿ 4.00 ದಾಟಿದ ಮೇಲೆ ಲೆಕ್ಕ ಹಾಕಲೇಬೇಕು.

ಉದಾಹರಣೆಗೆ, 12 ಮಿಲಿಮೀಟರ್ ದೂರಕ್ಕೆ ಲೆಕ್ಕ ಹಾಕಿದರೆ −8.00 ಕನ್ನಡಕದವರಿಗೆ ಬೇಕಾಗುವ ಲೆನ್ಸ್ ಪವರ್ ಸುಮಾರು −7.25. +6.00 ಇದ್ದವರಿಗೆ ಸುಮಾರು +6.50. ಚೀಟಿಯಲ್ಲಿದ್ದ ನಂಬರನ್ನೇ ಹಾಕಿ ತರಿಸಿಕೊಂಡರೆ ಮೊದಲನೆಯವರಿಗೆ ಪವರ್ ಹೆಚ್ಚಾಗುತ್ತದೆ, ಎರಡನೆಯವರಿಗೆ ಕಡಿಮೆಯಾಗುತ್ತದೆ. ಕಣ್ಣು ದಣಿಯುವುದು, ತಲೆನೋವು, ಮಂಜು ಮಂಜಾಗಿ ಕಾಣುವುದು ಇದರ ಫಲ.

ಸಿಲಿಂಡರ್ ಪವರ್ ಇದ್ದವರಿಗೆ ಟೋರಿಕ್ ಲೆನ್ಸ್ ಬೇಕಾಗಬಹುದು. ಇದು ಕಣ್ಣಿನ ಮೇಲೆ ಗಿರಕಿ ಹೊಡೆಯದೆ ಒಂದೇ ದಿಕ್ಕಿನಲ್ಲಿ ನಿಲ್ಲಬೇಕು. ತುಸು ತಿರುಗಿದರೂ ನೋಟ ಕೆಡುತ್ತದೆ. ಅದಕ್ಕೇ ಇಂಥ ಲೆನ್ಸ್‌ಗಳ ಮೇಲೆ ಸಣ್ಣ ಗುರುತುಗಳಿರುತ್ತವೆ. ಕಣ್ಣಿನ ಮೇಲಿಟ್ಟು ಆ ಗುರುತು ಎಲ್ಲಿ ನಿಲ್ಲುತ್ತದೆ ಎಂದು ನೋಡುತ್ತಾರೆ.

ಪೆಟ್ಟಿಗೆಯ ಮೇಲಿನ ಉಳಿದ ಅಂಕಿಗಳು ಏನು?

ಲೆನ್ಸ್ ಪೆಟ್ಟಿಗೆಯ ಮೇಲೆ ಪವರ್ ಜೊತೆಗೆ ಇನ್ನೆರಡು ಅಂಕಿಗಳಿರುತ್ತವೆ. ಇವು ಕನ್ನಡಕದ ಚೀಟಿಯಲ್ಲಿ ಇರುವುದಿಲ್ಲ.

1. ಬೇಸ್ ಕರ್ವ್: ಲೆನ್ಸ್‌ನ ಒಳಮೈ ಎಷ್ಟು ಬಾಗಿದೆ ಎಂಬುದರ ಅಳತೆ. ಮೃದು ಲೆನ್ಸ್‌ಗಳಲ್ಲಿ ಸಾಮಾನ್ಯವಾಗಿ 8.3ರಿಂದ 9.0 ಮಿಲಿಮೀಟರ್. ಅಂಕಿ ಚಿಕ್ಕದಾದಷ್ಟೂ ಬಾಗು ಹೆಚ್ಚು.

2. ಡಯಾಮೀಟರ್: ಲೆನ್ಸ್‌ನ ಅಗಲ. ಮೃದು ಲೆನ್ಸ್‌ಗಳಲ್ಲಿ ಹೆಚ್ಚಾಗಿ 14 ಮಿಲಿಮೀಟರ್ ಆಸುಪಾಸು. ಕಾರ್ನಿಯಾದ ಅಗಲ ಸುಮಾರು 11.5ರಿಂದ 12 ಮಿಲಿಮೀಟರ್ ಇರುವುದರಿಂದ ಲೆನ್ಸ್ ಅದನ್ನು ಪೂರ್ತಿ ಮುಚ್ಚಿ ಸುತ್ತಲಿನ ಬಿಳಿಭಾಗದ ಮೇಲೂ ಸ್ವಲ್ಪ ಕೂರುತ್ತದೆ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಎರಡು ಕಂಪನಿಗಳ ಲೆನ್ಸ್‌ಗಳ ಮೇಲೆ 8.6 ಎಂದೇ ಇದ್ದರೂ ಅವು ಒಂದೇ ಕಣ್ಣಿನ ಮೇಲೆ ಬೇರೆ ಬೇರೆ ರೀತಿ ಕೂರಬಹುದು. ವಸ್ತು, ದಪ್ಪ, ಅಂಚಿನ ಆಕಾರ ಎಲ್ಲವೂ ಬೇರೆಯಾಗಿರುತ್ತವೆ. ಹಾಗಾಗಿ “ಅದೇ ಅಳತೆ, ಕಡಿಮೆ ಬೆಲೆ” ಎಂದು ಬ್ರ್ಯಾಂಡ್ ಬದಲಿಸುವ ಮುನ್ನ ಕೇಳಿ.

ಪರೀಕ್ಷೆಯಲ್ಲಿ ಏನು ಮಾಡುತ್ತಾರೆ?

ಮೊದಲು ಕಣ್ಣೊಣಗುವುದು, ಅಲರ್ಜಿ, ದೂಳಿನ ಕೆಲಸ, ದಿನಕ್ಕೆಷ್ಟು ಹೊತ್ತು ಲೆನ್ಸ್ ಬೇಕು ಎಂದೆಲ್ಲ ವಿಚಾರಿಸುತ್ತಾರೆ. ಕೆರಟೋಮೀಟರ್ ಎಂಬ ಉಪಕರಣದಿಂದ ಕಾರ್ನಿಯಾದ ಬಾಗನ್ನು ಅಳೆಯುತ್ತಾರೆ. ಸ್ಲಿಟ್ ಲ್ಯಾಂಪ್ ಎಂಬ ಸೂಕ್ಷ್ಮದರ್ಶಕದಲ್ಲಿ ಕಣ್ಣು ಮತ್ತು ರೆಪ್ಪೆಯ ಒಳಭಾಗ ನೋಡುತ್ತಾರೆ.

ಇಷ್ಟಾದರೂ ಅಳತೆ ಬರೀ ಅಂದಾಜು. ನಿಜವಾದ ಉತ್ತರ ಸಿಗುವುದು ಟ್ರಯಲ್ ಲೆನ್ಸ್ ಹಾಕಿ ಸ್ವಲ್ಪ ಹೊತ್ತು ಕೂರಿಸಿದ ಮೇಲೆಯೇ. ಲೆನ್ಸ್ ನಡುವೆ ನಿಂತಿದೆಯೇ, ರೆಪ್ಪೆ ಬಡಿದಾಗ ತುಸು ಸರಿದು ವಾಪಸ್ ಬರುತ್ತದೆಯೇ ಎಂದು ನೋಡುತ್ತಾರೆ. ಕೆಳರೆಪ್ಪೆಯಿಂದ ಲೆನ್ಸನ್ನು ಮೆಲ್ಲಗೆ ಮೇಲಕ್ಕೆ ತಳ್ಳಿ ಅದು ಸಲೀಸಾಗಿ ಇಳಿಯುತ್ತದೆಯೇ ಎಂದೂ ಪರೀಕ್ಷಿಸುತ್ತಾರೆ. ಸರಿಯಾಗಿ ಕೂತ ಮೃದು ಲೆನ್ಸ್ ಒಂದು ಸಲ ರೆಪ್ಪೆ ಬಡಿದರೆ ಅರ್ಧ ಮಿಲಿಮೀಟರ್‌ಗಿಂತಲೂ ಕಡಿಮೆ ಸರಿಯುತ್ತದೆ. ಆದರೆ ಅಷ್ಟು ಸರಿಯಲೇಬೇಕು. ಅಡಿಯಲ್ಲಿ ಸಿಕ್ಕಿಕೊಂಡ ಕಸ, ಸತ್ತ ಜೀವಕೋಶಗಳು ಹೊರಬರುವುದು ಈ ಚಲನೆಯಿಂದಲೇ.

‘ಹಾಕಿದ್ದೇ ಗೊತ್ತಾಗುತ್ತಿಲ್ಲ’ ಎಂದರೆ ಒಳ್ಳೆಯದೇ?

ಇಲ್ಲೇ ಹೆಚ್ಚಿನವರು ಮೋಸ ಹೋಗುವುದು. ಸಡಿಲ ಲೆನ್ಸ್ ಚುಚ್ಚುತ್ತದೆ, ಜಾರುತ್ತದೆ, ರೆಪ್ಪೆ ಬಡಿದಾಗ ನೋಟ ಮಸುಕಾಗುತ್ತದೆ. ಹಾಗಾಗಿ ತೊಂದರೆ ಬೇಗ ತಿಳಿಯುತ್ತದೆ. ಬಿಗಿ ಲೆನ್ಸ್ ಹಾಗಲ್ಲ. ಅಲುಗಾಡದೆ ಕೂರುವುದರಿಂದ ಮೊದಲಿಗೆ ಬಹಳ ಹಿತ ಎನಿಸಬಹುದು. ಸಂಜೆಯ ಹೊತ್ತಿಗೆ ಕಣ್ಣು ಕೆಂಪಾಗುವುದು, ಉರಿ, ತೆಗೆಯಲು ಕಷ್ಟ, ತೆಗೆದ ಮೇಲೆ ಬಿಳಿಭಾಗದಲ್ಲಿ ಉಂಗುರದಂಥ ಗುರುತು ಇವು ಅದರ ಲಕ್ಷಣಗಳು. ಕಣ್ಣಿಗೆ ಆಗುತ್ತಿರುವ ತೊಂದರೆ ನಮಗೆ ತಿಳಿಯುವ ಮೊದಲೇ ಸ್ಲಿಟ್ ಲ್ಯಾಂಪ್‌ನಲ್ಲಿ ಕಾಣಬಹುದು.

ಬಣ್ಣದ ಲೆನ್ಸ್‌ಗೂ ಪರೀಕ್ಷೆ ಬೇಕೇ?

ಬೇಕು. ಮದುವೆಗೋ ಫೋಟೋಶೂಟ್‌ಗೋ ಒಂದೇ ದಿನ ಹಾಕಿದರೂ ಅದು ಕೂರುವುದು ಅದೇ ಕಾರ್ನಿಯಾದ ಮೇಲೆ. ಪವರ್ ಸೊನ್ನೆ ಇರಬಹುದು, ಬೇಸ್ ಕರ್ವ್ ಮತ್ತು ಡಯಾಮೀಟರ್ ಇದ್ದೇ ಇರುತ್ತವೆ. ಅಮೆರಿಕದಲ್ಲಿ 2005ರಿಂದ ಅಲಂಕಾರದ ಲೆನ್ಸ್‌ಗಳನ್ನೂ ಕಾನೂನು ವೈದ್ಯಕೀಯ ಸಾಧನ ಎಂದೇ ಪರಿಗಣಿಸುತ್ತದೆ. ಒಬ್ಬರು ಹಾಕಿದ ಲೆನ್ಸನ್ನು ಇನ್ನೊಬ್ಬರು ಹಾಕಲೇಬಾರದು. ಮೇಕಪ್ ಇದ್ದರೆ ಮೊದಲು ಲೆನ್ಸ್, ಆಮೇಲೆ ಕಾಡಿಗೆ.

ಲೆನ್ಸ್ ಕಣ್ಣಿನ ಹಿಂದಕ್ಕೆ ಹೋಗಿಬಿಡುತ್ತದೆಯೇ?

ಇಲ್ಲ. ಬಿಳಿಭಾಗವನ್ನು ಮುಚ್ಚಿರುವ ತೆಳು ಪೊರೆಯೇ ಮಡಚಿಕೊಂಡು ರೆಪ್ಪೆಯ ಒಳಮೈಗೆ ಸೇರುತ್ತದೆ. ಅದರಾಚೆ ದಾರಿಯೇ ಇಲ್ಲ. ಲೆನ್ಸ್ ಮೇಲಿನ ರೆಪ್ಪೆಯಡಿ ಸಿಕ್ಕಿಕೊಳ್ಳಬಹುದು, ಅದನ್ನು ತೆಗೆಯಬಹುದು.

ನಿಜವಾಗಿ ಹೆದರಬೇಕಾದ್ದು ಯಾವುದಕ್ಕೆ?

ನೀರಿಗೆ ಮತ್ತು ನಿದ್ದೆಗೆ. ನಲ್ಲಿ ನೀರು, ಬೋರ್‌ವೆಲ್ ನೀರು, ಕುದಿಸಿ ಆರಿಸಿದ ನೀರು, ಎಂಜಲು ಯಾವುದರಿಂದಲೂ ಲೆನ್ಸ್ ತೊಳೆಯಬಾರದು, ಲೆನ್ಸ್ ದ್ರಾವಣವನ್ನೇ ಬಳಸಬೇಕು. ಅಕಾಂತಮೀಬಾ ಎಂಬ ಸೂಕ್ಷ್ಮಜೀವಿ ನೀರಿನಲ್ಲಿರುತ್ತದೆ. ಅದರ ಸೋಂಕು ಅಪರೂಪ, ಆದರೆ ಚಿಕಿತ್ಸೆ ತಿಂಗಳುಗಟ್ಟಲೆ ನಡೆಯಬಹುದು, ದೃಷ್ಟಿಯೇ ಹೋಗಬಹುದು. ಸ್ನಾನ, ಈಜಿಗೆ ಮುಂಚೆ ಲೆನ್ಸ್ ತೆಗೆಯಿರಿ. ಲೆನ್ಸ್ ಹಾಕಿಕೊಂಡೇ ಮಲಗಿದರೆ ಕಣ್ಣಿನ ಸೋಂಕಿನ ಅಪಾಯ 6ರಿಂದ 8 ಪಟ್ಟು ಹೆಚ್ಚುತ್ತದೆ ಎನ್ನುತ್ತದೆ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ.

ಕಣ್ಣು ಕೆಂಪಾಗಿ ನೋವು, ಬೆಳಕು ನೋಡಲಾಗದಿರುವುದು, ನೋಟ ಮಸುಕು ಇವುಗಳಲ್ಲಿ ಯಾವುದಾದರೂ ಕಂಡರೆ ಲೆನ್ಸ್ ತೆಗೆದು ಅದೇ ದಿನ ಕಣ್ಣಿನ ಡಾಕ್ಟರನ್ನು ಕಾಣಿ. ಮನೆಯಲ್ಲಿರುವ ಹಳೆಯ ಡ್ರಾಪ್ಸ್ ಹಾಕಬೇಡಿ. ತೆಗೆದ ಲೆನ್ಸ್ ಎಸೆಯಬೇಡಿ, ಡಬ್ಬಿಯ ಸಮೇತ ಒಯ್ಯಿರಿ. ಸೋಂಕು ಯಾವುದೆಂದು ಪತ್ತೆಹಚ್ಚಲು ಅದು ನೆರವಾಗಬಹುದು.

ಯಾರ ಬಳಿ ಹೋಗಬೇಕು?

ಆಪ್ಟಿಕಲ್ಸ್ ಅಂಗಡಿಯಲ್ಲಿರುವವರೆಲ್ಲ ಒಂದೇ ತರಬೇತಿ ಪಡೆದವರಲ್ಲ. ಚೀಟಿ ನೋಡಿ ಕನ್ನಡಕ ಸಿದ್ಧಪಡಿಸಿ ಕೊಡುವವರು ಆಪ್ಟಿಷಿಯನ್. ಕಣ್ಣು ಪರೀಕ್ಷಿಸಿ ಲೆನ್ಸ್ ಫಿಟ್ ಮಾಡಲು ಕಲಿತವರು ಆಪ್ಟೊಮೆಟ್ರಿಸ್ಟ್. ರೋಗಕ್ಕೆ ಚಿಕಿತ್ಸೆ ನೀಡುವವರು ನೇತ್ರತಜ್ಞ ವೈದ್ಯರು. ಲೆನ್ಸ್ ಕೊಳ್ಳುವ ಮುನ್ನ ಎರಡು ಪ್ರಶ್ನೆ ಕೇಳಿ: “ಪರೀಕ್ಷೆ ಮಾಡುವವರು ಆಪ್ಟೊಮೆಟ್ರಿಸ್ಟಾ? ಇಲ್ಲಿ ಸ್ಲಿಟ್ ಲ್ಯಾಂಪ್ ಇದೆಯಾ?”

ಹಾಗಾದರೆ ಆನ್‌ಲೈನ್‌ನಲ್ಲಿ ಕೊಳ್ಳಲೇಬಾರದೇ? ಹಾಗೇನಿಲ್ಲ. ಫಿಟ್ಟಿಂಗ್ ಆದ ಮೇಲೆ ಪವರ್, ಬೇಸ್ ಕರ್ವ್, ಡಯಾಮೀಟರ್, ಬ್ರ್ಯಾಂಡ್ ಬರೆದ ಲೆನ್ಸ್ ಚೀಟಿ ಕೇಳಿ ಪಡೆಯಿರಿ. ಅದರಲ್ಲಿರುವ ಲೆನ್ಸನ್ನೇ ನಂಬಿಕಸ್ಥ ಮಾರಾಟಗಾರರಿಂದ ತರಿಸಿಕೊಳ್ಳಬಹುದು. ವರ್ಷಕ್ಕೊಮ್ಮೆ ಮರುಪರೀಕ್ಷೆ ಮಾಡಿಸಿ.

ನೆನಪಿಡಿ: ಕನ್ನಡಕದ ಚೀಟಿ ಹೇಳುವುದು ನಿಮಗೆ ಎಷ್ಟು ಪವರ್ ಬೇಕು ಎಂದಷ್ಟೇ. ಯಾವ ಲೆನ್ಸ್ ನಿಮ್ಮ ಕಣ್ಣಿಗೆ ಒಗ್ಗುತ್ತದೆ ಎಂಬುದನ್ನು ಕಣ್ಣಿನ ಮೇಲಿಟ್ಟೇ ನೋಡಬೇಕು. “ನಂಬರ್ ಇದ್ದರೆ ಸಾಕು” ಎಂಬ ಸಂದೇಶ ನಿಮಗೆ ಬಂದರೆ ಅದನ್ನು ಮುಂದಕ್ಕೆ ಕಳಿಸಬೇಡಿ.