ಉದಾರೀಕೃತ ಕುಟುಂಬ ಪಿಂಚಣಿ

ಉದಾರೀಕೃತ ಕುಟುಂಬ ಪಿಂಚಣಿ ಎಂಬುದು ಯುದ್ಧದಲ್ಲಿ ಅಥವಾ ಸೇನಾ ಕಾರ್ಯಾಚರಣೆಯಲ್ಲಿ ಮೃತಪಟ್ಟ ಭಾರತೀಯ ಯೋಧನ ಪತ್ನಿಗೆ ಕೇಂದ್ರ ಸರ್ಕಾರವು ನೀಡುವ ಮಾಸಿಕ ಪಿಂಚಣಿ. ಯೋಧನು ಕೊನೆಯದಾಗಿ ಪಡೆಯುತ್ತಿದ್ದ, ಪಿಂಚಣಿಗೆ ಲೆಕ್ಕ ಹಾಕುವ ವೇತನದಷ್ಟೇ ಮೊತ್ತವು ಇದರಲ್ಲಿ ದೊರೆಯುತ್ತದೆ. ಇದಕ್ಕೆ ತುಟ್ಟಿ ಪರಿಹಾರವೂ ಸೇರುತ್ತದೆ. 1971ರ ಯುದ್ಧದ ಬಳಿಕ, 1972ರ ಫೆಬ್ರವರಿ 24ರ ರಕ್ಷಣಾ ಸಚಿವಾಲಯದ ಆದೇಶದಿಂದ ಈ ವ್ಯವಸ್ಥೆ ರೂಪುಗೊಂಡಿತು. ಪ್ರಸ್ತುತ ನಿಯಮಗಳ ಆಧಾರ 2001ರ ಜನವರಿ 31ರ ಆದೇಶ.

ಮರಣದ ವರ್ಗೀಕರಣ

ಸೇವೆಯಲ್ಲಿದ್ದಾಗ ಸತ್ತ ಎಲ್ಲ ಸೈನಿಕರ ಪತ್ನಿಯರಿಗೂ ಈ ಪಿಂಚಣಿ ಸಿಗುವುದಿಲ್ಲ. 2001ರ ಆದೇಶವು ಮರಣದ ಕಾರಣಗಳನ್ನು ‘ಎ’ಯಿಂದ ‘ಇ’ವರೆಗೆ ಐದು ವರ್ಗಗಳಾಗಿ ವಿಂಗಡಿಸಿದೆ. ಸೇವೆಗೆ ಸಂಬಂಧಿಸದ ಸಹಜ ಮರಣ ‘ಎ’ ವರ್ಗಕ್ಕೆ ಸೇರುತ್ತದೆ. ಇದರಲ್ಲಿ ವೇತನದ ಶೇ. 30ರಷ್ಟು ಸಾಮಾನ್ಯ ಕುಟುಂಬ ಪಿಂಚಣಿ ಮಾತ್ರ ಲಭ್ಯ. ಮೊದಲ 10 ವರ್ಷ ಅದು ಶೇ. 50ರಷ್ಟಿರುತ್ತದೆ. ಸೇವೆಯ ಪರಿಸ್ಥಿತಿಯಿಂದ ಬಂದ ಕಾಯಿಲೆ (‘ಬಿ’) ಮತ್ತು ಕರ್ತವ್ಯದಲ್ಲಿನ ಅಪಘಾತ (‘ಸಿ’) ಶೇ. 60ರ ವಿಶೇಷ ಕುಟುಂಬ ಪಿಂಚಣಿಗೆ ಅರ್ಹ. ಭಯೋತ್ಪಾದಕರ ಹಿಂಸೆ (‘ಡಿ’) ಹಾಗೂ ಯುದ್ಧ, ಗಡಿ ಘರ್ಷಣೆ, ಉಗ್ರರ ವಿರುದ್ಧದ ಕಾರ್ಯಾಚರಣೆ ಮುಂತಾದವು (‘ಇ’) ಪೂರ್ಣ ಮೊತ್ತದ ಉದಾರೀಕೃತ ಪಿಂಚಣಿಗೆ ಬರುತ್ತವೆ. ಒಂದು ಅಕ್ಷರದ ವ್ಯತ್ಯಾಸದಿಂದ ವಿಧವೆಯ ಜೀವನಪೂರ್ತಿಯ ಆದಾಯ ಬಹುತೇಕ ಅರ್ಧಕ್ಕಿಳಿಯಬಹುದು.

2013ರ ಜನವರಿಯಲ್ಲಿ ಜಮ್ಮು ಮತ್ತು ಕಾಶ್ಮೀರದ ನಿಯಂತ್ರಣ ರೇಖೆಯ ಬಳಿ ಗಸ್ತಿನಲ್ಲಿದ್ದ ನಾಯಕ್ ದರ್ಜೆಯ ಯೋಧರೊಬ್ಬರು ತೀವ್ರ ಹವಾಮಾನದಿಂದ ಅಸ್ವಸ್ಥಗೊಂಡು ಮೃತಪಟ್ಟರು. ಮೊದಲು ‘ಯುದ್ಧ ಸಾವು’ ಎಂದು ದಾಖಲಾದ ಮರಣವನ್ನು ಬಳಿಕ ಸೇವೆಗೆ ಸಂಬಂಧಿಸಿದ ದೈಹಿಕ ಕಾರಣದ ಸಾವೆಂದು ಬದಲಾಯಿಸಲಾಯಿತು. ಪತ್ನಿಗೆ ವಿಶೇಷ ಪಿಂಚಣಿಯಷ್ಟೇ ಮಂಜೂರಾಯಿತು. ಸಶಸ್ತ್ರ ಪಡೆಗಳ ನ್ಯಾಯಮಂಡಳಿಯು ಆಕೆಯ ಪರವಾಗಿ ತೀರ್ಪಿತ್ತರೂ ಕೇಂದ್ರವು ಮೇಲ್ಮನವಿ ಸಲ್ಲಿಸಿತು. 2024ರ ಡಿಸೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಮೇಲ್ಮನವಿಯನ್ನು ತಳ್ಳಿಹಾಕಿ, ಆಕೆಯನ್ನು ನ್ಯಾಯಾಲಯಕ್ಕೆ ಎಳೆಯಬಾರದಿತ್ತೆಂದು ಅಭಿಪ್ರಾಯಪಟ್ಟು, 50,000 ರೂಪಾಯಿ ವೆಚ್ಚವನ್ನು ಪಾವತಿಸುವಂತೆ ಆದೇಶಿಸಿತು.

ಅನ್ಯದೇಶದ ಅಂತರ್ಯುದ್ಧ

1987ರ ಜುಲೈ 29ರ ಭಾರತ–ಶ್ರೀಲಂಕಾ ಒಪ್ಪಂದದಂತೆ ಶ್ರೀಲಂಕೆಗೆ ತೆರಳಿದ ಭಾರತೀಯ ಶಾಂತಿಪಾಲನಾ ಪಡೆಯು ಎಲ್‌ಟಿಟಿಇಯೊಡನೆ ಹೋರಾಡಬೇಕಾಗಿ ಬಂದು, 1990ರ ಮಾರ್ಚ್‌ನಲ್ಲಿ ಹಿಂತಿರುಗಿತು. ಸುಮಾರು 1,200 ಯೋಧರು ಮೃತರಾದರು. ಭಾರತವು ಯಾವ ದೇಶದ ಮೇಲೂ ಯುದ್ಧ ಸಾರಿರಲಿಲ್ಲ. ಸತ್ತದ್ದು ನೆರೆಯ ದೇಶದ ಅಂತರ್ಯುದ್ಧದಲ್ಲಿ. ಇಂತಹ ಸಾವುಗಳು ‘ಯುದ್ಧ’ದ ವ್ಯಾಖ್ಯೆಯಿಂದ ಹೊರಗುಳಿಯದಂತೆ 2001ರ ಆದೇಶವು ವಿದೇಶದಲ್ಲಿನ ಶಾಂತಿಪಾಲನಾ ನಿಯೋಜನೆಯನ್ನು ‘ಇ’ ವರ್ಗದಲ್ಲಿ ಪ್ರತ್ಯೇಕವಾಗಿ ಹೆಸರಿಸಿದೆ.

ಮರುವಿವಾಹ

ಗಂಡ ಸತ್ತವಳು ಮರುಮದುವೆಯಾದರೆ ಪಿಂಚಣಿ ನಿಲ್ಲಬೇಕೆಂಬ ನಿಯಮ ಹಳೆಯದು. ಅಮೆರಿಕದ ಅಂತರ್ಯುದ್ಧದ ಕಾಲದ 1862ರ ಕಾಯ್ದೆಯಲ್ಲೂ ಅದಿತ್ತು. ಭಾರತದಲ್ಲಿ ಮೃತನ ಸಹೋದರನನ್ನು ಮದುವೆಯಾದವಳಿಗೆ ಮಾತ್ರ ವಿನಾಯಿತಿಯಿತ್ತು. 2001ರ ಆದೇಶದಂತೆ, ಮಕ್ಕಳಿಲ್ಲದ ಅಥವಾ ಮಕ್ಕಳನ್ನು ಸಾಕುವುದನ್ನು ಮುಂದುವರಿಸುವ ವಿಧವೆಗೆ ಮರುವಿವಾಹದ ನಂತರವೂ ಪೂರ್ಣ ಉದಾರೀಕೃತ ಪಿಂಚಣಿ ಸಲ್ಲುತ್ತದೆ. ಶೌರ್ಯ ಪ್ರಶಸ್ತಿಯ ಮಾಸಿಕ ಭತ್ಯೆಗಿದ್ದ ‘ಮೈದುನ’ ಷರತ್ತು ಮಾತ್ರ 2017ರ ನವೆಂಬರ್‌ವರೆಗೂ ಉಳಿದಿತ್ತು.

ಈ ಷರತ್ತು ಪಂಜಾಬ್ ಮತ್ತು ಹರಿಯಾಣದ ‘ಕರೇವಾ’ ಪದ್ಧತಿಯನ್ನು ಹೋಲುತ್ತದೆ. ಅಲ್ಲಿ ಮೈದುನನೊಡನೆ ಮದುವೆಯು ಜಮೀನನ್ನು ಗಂಡನ ಮನೆಯಲ್ಲೇ ಉಳಿಸುತ್ತಿತ್ತು. ಉಡುಪಿ, ಅಂಬಲಪಾಡಿ, ಕಾಪು, ಕಾರ್ಕಳಗಳನ್ನೊಳಗೊಂಡ ತುಳುನಾಡಿಗೆ ಅದು ಪರಕೀಯ. ಇಲ್ಲಿನ ಬಂಟರು ಮೊದಲಾದ ಸಮುದಾಯಗಳಲ್ಲಿದ್ದ ಅಳಿಯಸಂತಾನ ಪದ್ಧತಿಯಲ್ಲಿ ಕುಟುಂಬದ ಆಸ್ತಿ ಹೆಣ್ಣಿನ ಸಂತತಿಯಲ್ಲಿ ಮುಂದುವರಿಯುತ್ತಿತ್ತು. ಹೆಂಡತಿ ತನ್ನ ತಾಯಿಯ ಕುಟುಂಬದ ಸದಸ್ಯೆಯಾಗಿಯೇ ಇರುತ್ತಿದ್ದಳು; ಗಂಡನ ಕುಟುಂಬದ ಆಸ್ತಿಯಲ್ಲಿ ಅವಳಿಗೆ ಪಾಲಿರಲಿಲ್ಲ. ವಿಧವೆಯ ಮರುಮದುವೆಗೂ ‘ಬುಡುದಾರೆ’ ಎಂಬ ಅಂಗೀಕೃತ ವಿಧಿಯಿತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯು ಈ ಆಸ್ತಿ ವ್ಯವಸ್ಥೆಯನ್ನು ಬದಲಾಯಿಸಿತು. ಪಿಂಚಣಿಯಾದರೋ ಪಿತ್ರಾರ್ಜಿತವೂ ಅಲ್ಲ, ಕುಟುಂಬದ ಆಸ್ತಿಯೂ ಅಲ್ಲ. ವಿವಾಹಿತ ಯೋಧನ ಸಂದರ್ಭದಲ್ಲಿ ಅದರ ಮೊದಲ ಹಕ್ಕು ಪತ್ನಿಯದು. ವೃದ್ಧ ತಂದೆತಾಯಿಯರಿಗೂ ಪಾಲಿರಬೇಕೆಂಬ ಬೇಡಿಕೆ ಆಗಾಗ ಕೇಳಿಬರುತ್ತದೆ.

ಮಂಜೂರಾತಿ

ಮರಣದ ವರದಿಯನ್ನು ಘಟಕವು ರೆಜಿಮೆಂಟಿನ ದಾಖಲೆ ಕಚೇರಿಗೆ ಕಳುಹಿಸುತ್ತದೆ. ಮರಾಠಾ ಲಘು ಪದಾತಿ ದಳದ ಕಚೇರಿ ಬೆಳಗಾವಿಯಲ್ಲಿಯೂ ಮದ್ರಾಸ್ ಎಂಜಿನಿಯರ್ ಗ್ರೂಪಿನದು ಬೆಂಗಳೂರಿನಲ್ಲಿಯೂ ಇದೆ. ಭೂಸೇನೆಯ ಪಿಂಚಣಿ ಆದೇಶವನ್ನು ಪ್ರಯಾಗರಾಜ್‌ನ ರಕ್ಷಣಾ ಲೆಕ್ಕಪತ್ರ ಕಚೇರಿಯು ಹೊರಡಿಸುತ್ತದೆ. ಪಾವತಿ ಈಗ ‘ಸ್ಪರ್ಶ್’ ಎಂಬ ಗಣಕೀಕೃತ ವ್ಯವಸ್ಥೆಯ ಮೂಲಕ ನಡೆಯುತ್ತದೆ. ಪ್ರತಿ ವರ್ಷ ಜೀವಿತ ಪ್ರಮಾಣಪತ್ರ ಸಲ್ಲಿಸದಿದ್ದರೆ ಪಾವತಿ ತಡೆಹಿಡಿಯಲ್ಪಡುತ್ತದೆ. ಕಾರ್ಯಾಚರಣೆಯಲ್ಲಿ ಮೃತರಾದವರ ಕುಟುಂಬ ಪಿಂಚಣಿಗೆ ಆದಾಯ ತೆರಿಗೆಯಿಲ್ಲ. ಅರ್ಜಿ, ದಾಖಲೆಗಳ ತಿದ್ದುಪಡಿ ಮುಂತಾದ ಕೆಲಸಗಳಲ್ಲಿ ರಾಜ್ಯದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯು ನೆರವಾಗುತ್ತದೆ.